ಚಕ್ರವಿದ್ದ ಸೂರು

ಕ್ಯಾಲಿಫೋರ್ನಿಯಾದ ಸನ್ನಿವೇಲಿನಲ್ಲಿ ಎಲ್ಲರಿಗೂ ಜಾವಾ ಎಂಬ ಕಂಪ್ಯೂಟರ್ ಭಾಷೆಯ ಹುಚ್ಚು ಹಿಡಿದಿದ್ದ ಕಾಲದಲ್ಲಿ ನನ್ನ ತಂಗಿಗೆ ಜಪಾನಿನ ಸ್ಟೇಡಿಯಂಗಳ ಹುಚ್ಚು ಹಿಡಿದಿತ್ತು. ಆಟ ನೋಡುವ ಹುಚ್ಚಲ್ಲ. ಫುಟ್‌ಬಾಲಿನಲ್ಲಿ ಒಂದು ಕಡೆಗೆ ಎಷ್ಟು ಜನ ಎಂದು ಕೇಳಿದರೆ ಅವಳು ಇವತ್ತಿಗೂ ತಡವರಿಸುತ್ತಾಳೆ. ಅವಳಿಗೆ ಬೇಕಿದ್ದದ್ದು ಸೂರು. ನೋಡುವವರ ತಲೆಯ ಮೇಲೆ ಏನಿದೆ, ಅದನ್ನು ಯಾವುದು ಹೊತ್ತಿದೆ, ಮಳೆ ಬಂದರೆ ನೀರು ಎಲ್ಲಿಗೆ ಹೋಗುತ್ತದೆ. ಅಷ್ಟು ತಿಳಿದರೆ ಸಾಕು, ಕೆಳಗೆ ಯಾರು ಗೆದ್ದರೂ ಅವಳಿಗೆ ಒಂದೇ.

ನಾನು ಓದಿದ್ದು ಏಳನೇ ಕ್ಲಾಸು, ಮಂಡ್ಯದ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ. ಅವ್ವ ಹಾಸಿಗೆ ಹಿಡಿದಳು, ತಂಗಿ ಇನ್ನೂ ತೆವಳುತ್ತಿದ್ದಳು, ಯಾರಾದರೂ ಒಬ್ಬರು ಮನೆಯಲ್ಲಿರಬೇಕಿತ್ತು. ಇದನ್ನು ದೂರು ಎಂದು ಹೇಳುತ್ತಿಲ್ಲ. ಗಣಿತದ ಪೀರಿಯಡ್ಡು ತಪ್ಪಿತಲ್ಲ ಎಂದು ಆಗ ಒಳಗೊಳಗೇ ಖುಷಿಪಟ್ಟವಳು ನಾನು. ಆಮೇಲೆ ಅತ್ತೆಯ ಮಗನನ್ನೇ ಮದುವೆಯಾದೆ. ಅವರು ಕಂಪ್ಯೂಟರ್ ಎಂಜಿನಿಯರು. ಅವರ ಕೆಲಸದ ಬೆನ್ನಿಗೆ ನಾನೂ ಕ್ಯಾಲಿಫೋರ್ನಿಯಾಕ್ಕೆ ಬಂದೆ. ತಂಗಿ ಬೆಂಗಳೂರಿನಲ್ಲಿ ಕಟ್ಟಡಗಳ ಓದು ಮುಗಿಸಿ, ಇನ್ನೂ ಹೆಚ್ಚಿನ ಓದಿಗೆ ಸ್ಯಾನ್ ಫ್ರಾನ್ಸಿಸ್ಕೋದ ಕಾಲೇಜು ಸೇರಿ, ಸನ್ನಿವೇಲಿನ ನಮ್ಮ ಅಪಾರ್ಟ್‌ಮೆಂಟಿನ ಎರಡನೇ ಕೋಣೆಯಲ್ಲಿ ಉಳಿದಳು. ಬೆಳಿಗ್ಗೆ ರೈಲು ಹತ್ತಿ ಕಾಲೇಜಿಗೆ ಹೋಗುತ್ತಿದ್ದಳು, ಸಂಜೆ ಬಂದು ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ಕಾಲು ಅಲ್ಲಾಡಿಸುತ್ತ ಸೂರಿನ ಪುರಾಣ ಬಿಚ್ಚುತ್ತಿದ್ದಳು.

ಶನಿವಾರ ಯಾರದಾದರೂ ಮನೆಯಲ್ಲಿ ಕನ್ನಡದವರೆಲ್ಲ ಒಂದೊಂದು ಅಡುಗೆ ತಂದು ಸೇರುವ ಪಾಟ್‌ಲಕ್ಕು ಇರುತ್ತಿತ್ತು. ಗಂಡಸರೆಲ್ಲ ತಟ್ಟೆ ಹಿಡಿದು ಒಂದು ಮೂಲೆಯಲ್ಲಿ ನಿಂತು ಕಂಪನಿ ಷೇರು, ಆಪ್ಷನ್ನು, ಐಪಿಓ ಎಂದು ಮಾತಾಡುತ್ತಿದ್ದರು. ಯಾರೋ ನಮ್ಮವರನ್ನು, ನಿಮ್ಮ ನಾದಿನಿ ಏನು ಕೋಡ್ ಮಾಡ್ತಾರೆ ಎಂದು ಕೇಳುತ್ತಿದ್ದರು.

"ಎಲ್ಲರೂ ಜಾವಾ ಅಂದ್ರೆ ಇವಳು ಜಪಾನ್ ಅಂತಾಳೆ. ಸ್ಪೆಲಿಂಗ್ ಮಿಸ್ಟೇಕು," ಎನ್ನುತ್ತಿದ್ದರು ನಮ್ಮವರು.

"ಭಾವ, ನಿಮ್ ಕಂಪ್ನಿ ವೆಬ್‌ಸೈಟ್ ಮಳೇಲಿ ನೆನೆಯಲ್ಲ. ಅದಕ್ಕೇ ನಿಮಗೆ ಸೂರಿನ ಕಷ್ಟ ಗೊತ್ತಿಲ್ಲ."

"ನಮ್ ಕಂಪ್ನಿ ಕಷ್ಟ ನಿಂಗೆ ಗೊತ್ತಾ? ನಾವು ಏನ್ ಮಾರ್ತೀವಿ ಅಂತ ನಮಗೇ ಗೊತ್ತಿಲ್ಲ."

ಎಲ್ಲರೂ ನಗುತ್ತಿದ್ದರು. ಅವಳು ಒಂದಕ್ಕೆ ಎರಡು ಕೊಟ್ಟೇ ಕೊಡುತ್ತಾಳೆ ಎಂದು ನನಗೆ ಗೊತ್ತಿತ್ತು, ಅದಕ್ಕೇ ನಾನೂ ಧೈರ್ಯವಾಗಿ ನಗುತ್ತಿದ್ದೆ.

ಸೂರಿನ ಪಾಠ ನನಗೆ ಶುರುವಾದದ್ದು ಒಂದು ಪೂರಿಯಿಂದ. ಬಾಣಲೆಯಲ್ಲಿ ಪೂರಿ ಉಬ್ಬಿತ್ತು. ಜಾಲರಿ ಸಟ್ಟುಗದಿಂದ ಒತ್ತಲು ಹೋದೆ.

"ಅಕ್ಕ, ನಿಲ್ಲು ನಿಲ್ಲು, ಅದನ್ನ ಒತ್ತಬೇಡ! ಟೋಕಿಯೋದಲ್ಲಿ ಒಂದು ಸೂರು ಹಿಂಗೇ ನಿಂತಿದೆ. ಇಡೀ ಮೈದಾನದಲ್ಲಿ ಒಂದು ಕಂಬ ಇಲ್ಲ. ಒಳಗಡೆ ಗಾಳಿ ಹೊರಗಡೆಗಿಂತ ಸ್ವಲ್ಪ ಜಾಸ್ತಿ ಇರೋ ಹಂಗೆ ಮಾಡಿದಾರೆ. ಆ ಗಾಳೀನೇ ಸೂರನ್ನ ಎತ್ತಿ ಹಿಡ್ಕೊಂಡಿರೋದು."

"ಯಾರಾದ್ರೂ ಬಾಗಿಲು ತೆಗೆದ್ರೆ?"

"ಅದಕ್ಕೇ ಸುತ್ತ ತಿರುಗೋ ಬಾಗಿಲು ಇಟ್ಟಿದಾರೆ. ಫ್ಯಾನು ಸದಾ ಗಾಳಿ ಊದ್ತಾ ಇರುತ್ತೆ."

"ಕರೆಂಟ್ ಹೋದ್ರೆ?"

"ಅಕ್ಕ, ಅದು ಜಪಾನು. ಮಂಡ್ಯ ಅಲ್ಲ."

ಮುಂದೆ ಸ್ವಲ್ಪ ಕಾಲಕ್ಕೆ ಕ್ಯಾಲಿಫೋರ್ನಿಯಾದಲ್ಲೇ ಸರದಿಯ ಮೇಲೆ ಕರೆಂಟು ತೆಗೆಯತೊಡಗಿದಾಗ ನಾನು ಮೇಣದಬತ್ತಿ ಹಚ್ಚಿ ಸುಮ್ಮನೆ ಅವಳ ಮುಖ ನೋಡಿದೆ. ಅವಳು ಗೋಡೆ ನೋಡುತ್ತ ಕುಳಿತಳು.

ಪೂರಿಯ ನಂತರ ಒಂದೊಂದೇ ಬಂದವು. ಕಂಬಗಳ ನಡುವೆ ಉಕ್ಕಿನ ಹಗ್ಗ ಎಳೆದು ಅದರಿಂದ ಇಳಿಬಿಟ್ಟ ಒಂದು ಹಳೆಯ ಸೂರು. ಅವಳು ತೋರಿಸಿದ ಚಿತ್ರದಲ್ಲಿ ಅದು ತಂತಿಯ ಮೇಲೆ ಒಣಗಲು ಹಾಕಿದ ಸೀರೆಯ ಹಾಗೆ ಬಳುಕಿತ್ತು. ಆಗ ಜಪಾನಿನಲ್ಲಿ ಫುಟ್‌ಬಾಲ್ ವಿಶ್ವಕಪ್ಪಿಗೆಂದು ಹೊಸ ಹೊಸ ಸ್ಟೇಡಿಯಂ ಕಟ್ಟುತ್ತಿದ್ದರು. ಅಲ್ಲಿ ಜೋರು ಮಳೆಗಾಲ, ಚಂಡಮಾರುತ, ಉತ್ತರಕ್ಕೆ ಹೋದರೆ ಹಿಮ. ಹಾಗಾಗಿ ಸೂರು ಬೇಕೇ ಬೇಕು. ಆದರೆ ಸೂರು ಹಾಕಿದರೆ ಬಿಸಿಲಿಲ್ಲದೆ ಕೆಳಗಿನ ಹುಲ್ಲು ಸಾಯುತ್ತದೆ. ಮಳೆಯೂ ಬೀಳಬಾರದು, ಬಿಸಿಲೂ ತಪ್ಪಬಾರದು. ಇದಕ್ಕೆ ಅವರು ಒಂದೊಂದು ಊರಲ್ಲಿ ಒಂದೊಂದು ದಾರಿ ಹುಡುಕಿದ್ದರು. ಒಂದು ಕಡೆ ಸೂರು ಹಾರ್ಮೋನಿಯಂ ತಿದಿಯ ಹಾಗೆ ಮಡಚಿಕೊಳ್ಳುತ್ತಿತ್ತು. ಇನ್ನೊಂದು ಕಡೆ ಕಣ್ಣಿನ ರೆಪ್ಪೆಯ ಹಾಗೆ ಮುಚ್ಚಿ ತೆರೆಯುತ್ತಿತ್ತು. ಹಿಮದ ಊರಿನವರು ಸೂರನ್ನು ಅಲ್ಲಾಡಿಸದೆ, ಹುಲ್ಲಿನ ಮೈದಾನವನ್ನೇ ಇಡಿಯಾಗಿ ಹೊರಗೆ ಜಾರಿಸಿ ಬಿಸಿಲಿಗೆ ಬಿಡಲು ಹೊರಟಿದ್ದರು.

"ಹಪ್ಪಳ ಹಾಕ್ದಂಗೆ," ಎಂದೆ.

"ಹೂಂ, ಹಪ್ಪಳ ಹಾಕ್ದಂಗೆ. ನಮ್ಮ ಮೇಷ್ಟ್ರು ಇದನ್ನ ಅರ್ಧ ಗಂಟೆ ಹೇಳಿದ್ರು."

ಅವಳ ಕೊನೆಯ ವರ್ಷದ ಕೆಲಸವೂ ಅಂಥದ್ದೇ ಒಂದು ಸೂರು. ಹಿಮವೂ ಬಿಸಿಲೂ ಇರುವ ಜಪಾನಿನ ಒಂದು ಸಣ್ಣ ಊರಿಗೆ ಸ್ಟೇಡಿಯಂ ಯೋಚಿಸಿ, ಅದರ ಮಾಡೆಲ್ಲು ಮಾಡಬೇಕಿತ್ತು. ಅವಳದು ಎರಡು ಹೋಳಿನ ಸೂರು. ಒಂದೊಂದು ಹೋಳೂ ಕಮಾನುಗಳ ಮೇಲೆ ನಿಂತು, ಕಮಾನಿನ ಕಾಲಿಗೆ ಚಕ್ರವಿದ್ದು, ಹಳಿಯ ಮೇಲೆ ಉರುಳಿ ಬೇರೆಯಾಗುತ್ತಿತ್ತು. ಮೇಷ್ಟ್ರಿಗೆ ಒಂದೇ ಅನುಮಾನ. ಕಮಾನಿನ ಮೇಲೆ ಭಾರ ಬಿದ್ದರೆ ಅದರ ಕಾಲು ಹೊರಕ್ಕೆ ಜಾರುತ್ತದೆ, ನುಣ್ಣನೆ ನೆಲದಲ್ಲಿ ಏಣಿ ಜಾರುವ ಹಾಗೆ. ನಿನ್ನ ಸೂರು ಹಳಿಯನ್ನು ಹೊರಕ್ಕೆ ದಬ್ಬಿಬಿಡುತ್ತದೆ ಎಂದರಂತೆ. ಇವಳು, ಇಲ್ಲ, ಎರಡು ಕಾಲನ್ನೂ ತಂತಿಯಿಂದ ಬಿಗಿದಿದ್ದೇನೆ, ದಬ್ಬುವುದಿಲ್ಲ ಎಂದು ವಾದ ಹೂಡಿದ್ದಳು. ಕಾಲೇಜಿನಲ್ಲಿ ಎಲ್ಲರೂ ಮಾಡೆಲ್ಲು ತೋರಿಸಬೇಕಾದ ರಿವ್ಯೂ ದಿನ ಜಪಾನಿನಿಂದ ಒಬ್ಬ ಹಿರಿಯ ಎಂಜಿನಿಯರು ಬರುವವರಿದ್ದರು. ಇಂಥ ಸೂರುಗಳನ್ನೇ ಕಟ್ಟುತ್ತಿದ್ದವರು. ಯಾರ ಕೆಲಸ ಹಿಡಿಸುತ್ತದೋ ಆ ಒಬ್ಬರನ್ನು ಒಂದು ವರ್ಷ ತಮ್ಮ ಜೊತೆ ಇಟ್ಟುಕೊಳ್ಳುವುದಾಗಿ ಹೇಳಿದ್ದರು.

"ಕಟ್ಟಿ ಮುಗಿದ ಮೇಲೆ ಹೋದ್ರೆ ಏನೂ ಕಾಣಲ್ಲ ಅಕ್ಕ, ಎಲ್ಲಾ ಮುಚ್ಚಿರುತ್ತೆ. ಕಟ್ತಾ ಇರುವಾಗ್ಲೇ ನೋಡ್ಬೇಕು," ಎನ್ನುತ್ತಿದ್ದಳು.

ಮಾಡೆಲ್ಲು ತಯಾರಾದದ್ದು ನಮ್ಮ ಊಟದ ಮೇಜಿನ ಮೇಲೆ. ಅದು ಬೆಳೆದಂತೆ ನಾವು ತಟ್ಟೆ ಎತ್ತಿಕೊಂಡು ಕಾರ್ಪೆಟ್ಟಿಗೆ ಇಳಿದೆವು. ತೆಳ್ಳಗೆ ಸೀಳಿದ ಬಿದಿರು, ಅದರ ಮೇಲೆ ಜಪಾನಿ ಅಂಗಡಿಯಿಂದ ತಂದ ಬಿಳಿ ಕಾಗದ, ಕೆಳಗೆ ಆಟಿಕೆ ರೈಲಿನಿಂದ ಕಿತ್ತ ಚಕ್ರಗಳು. ನಮ್ಮವರು ಮಜ್ಜಿಗೆ ಕುಡಿಯುತ್ತ ಅದರ ಸುತ್ತ ಒಂದು ಸುತ್ತು ಬಂದು, "ಇಷ್ಟೆಲ್ಲ ಮಾಡಿ ಕೊನೆಗೆ ಸೊಳ್ಳೆಗಳಿಗೆ ಫುಟ್‌ಬಾಲ್ ಗ್ರೌಂಡಾ?" ಎಂದಿದ್ದರು.

ರಿವ್ಯೂಗೆ ಹಿಂದಿನ ದಿನ ಆಯುಧಪೂಜೆ. ಇಲ್ಲಿ ಯಾರಿಗೂ ರಜೆಯಿಲ್ಲ. ನಮ್ಮವರು ಆಫೀಸಿಗೆ, ಅವಳು ಕಾಲೇಜಿಗೆ ಹೋದರು. ಸಂಜೆ ಬಂದು ಪ್ಯಾಕ್ ಮಾಡುತ್ತೇನೆ ಎಂದು ಹೇಳಿ ಹೋಗಿದ್ದಳು. ಕಾರಿನ ಪೂಜೆ ಬೆಳಿಗ್ಗೆಯೇ ಮುಗಿದಿತ್ತು. ಮನೆಯಲ್ಲಿ ನಾನೊಬ್ಬಳೇ, ಮಿಕ್ಸಿಗೆ ಕುಂಕುಮ ಇಟ್ಟೆ, ಹೊಲಿಗೆ ಯಂತ್ರಕ್ಕೆ ಹೂವು ಮುಡಿಸಿದೆ, ಈಳಿಗೆಮಣೆಗೆ ಅರಿಶಿನ ಹಚ್ಚಿದೆ, ಕಂಪ್ಯೂಟರಿನ ನೆತ್ತಿಗೆ ಗಂಧ ಇಟ್ಟೆ. ತಿರುಗಿ ನೋಡಿದರೆ ಮೇಜಿನ ಮೇಲೆ ಅವಳ ಸೂರು. ಇಡೀ ಮನೆಗೆ ಹಬ್ಬ, ಅದೊಂದು ಮಾತ್ರ ಬೋಳಾಗಿ ಕುಳಿತಿತ್ತು. ನಾಳೆ ಪರೀಕ್ಷೆಗೆ ಹೋಗುವುದೂ ಅದೇ.

ಬಿಳಿ ಕಾಗದದ ಮೇಲೆ ಕುಂಕುಮ ಇಡಬಾರದು ಎನ್ನುವಷ್ಟು ಬುದ್ಧಿ ನನಗಿತ್ತು. ಬುದ್ಧಿ ಅಲ್ಲಿಗೇ ನಿಂತಿತು. ಇದಕ್ಕೆ ಚಕ್ರ ಇದೆಯಲ್ಲ ಎಂದು ಹೊಳೆಯಿತು. ಚಕ್ರ ಇದ್ದ ಮೇಲೆ ಇದೂ ಒಂದು ವಾಹನವೇ. ವಾಹನ ಅಂದಮೇಲೆ ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕು, ಒಂದು ಸಲ ಅದರ ಮೇಲೆ ಹಾಯಿಸಬೇಕು. ಇಡೀ ನಿಂಬೆಹಣ್ಣು ಆ ಚಕ್ರಕ್ಕಿಂತ ದೊಡ್ಡದು. ಅದಕ್ಕೆ ಸಣ್ಣಗೆ ಹೆಚ್ಚಿ, ಮುಂದಿನ ನಾಲ್ಕು ಚಕ್ರಕ್ಕೆ ಒಂದೊಂದು ಚೂರು ಇಟ್ಟು, ಕೈ ಮುಗಿದು, ಬೆರಳಿನಿಂದ ಸೂರನ್ನು ನೂಕಿದೆ. ಹೋಗಲಿಲ್ಲ. ಕಾರು ಕೂಡ ಮೊದಲು ಹೀಗೇ ತಡೆಯುತ್ತದೆ ಎಂದುಕೊಂಡು ಎರಡೂ ಕೈ ಹಾಕಿ ನೂಕಿದೆ. ಚಿಟ್ ಎಂದು ಸದ್ದಾಯಿತು. ನಿಂಬೆಹಣ್ಣಿನದೆಂದು ನಂಬಲು ತುಂಬ ಪ್ರಯತ್ನಪಟ್ಟೆ.

ಒಂದು ಕಡೆಯ ಹಳಿ ಅಂಟು ಬಿಟ್ಟು ಹೊರಕ್ಕೆ ಬಾಗಿತ್ತು. ಚೂರುಗಳನ್ನು ಆರಿಸಿ ತೆಗೆದೆ, ಒದ್ದೆ ಬಟ್ಟೆಯಿಂದ ಒರೆಸಿದೆ, ಹಳಿಯನ್ನು ಹೆಬ್ಬೆರಳಿನಿಂದ ಒತ್ತಿ ಮೊದಲಿದ್ದ ಜಾಗಕ್ಕೆ ತಂದೆ. ಅದು ನಿಂತಿತು. ಸೂರನ್ನು ಮೆಲ್ಲಗೆ ಮುಚ್ಚಿದೆ. ನೋಡಿದರೆ ಏನೂ ಆಗಿರಲಿಲ್ಲ.

ಸಂಜೆ ಹೇಳೋಣ ಎಂದುಕೊಂಡಿದ್ದೆ. ಅವಳು ಬಂದವಳೇ ಡಬ್ಬ, ಟೇಪು ಎಂದು ಓಡಾಡತೊಡಗಿದಳು. ಹಿಂದಿನ ದಿನವೇ ಸೂರನ್ನು ಹತ್ತಾರು ಸಲ ಓಡಿಸಿ ನೋಡಿದ್ದಳು, ಅದಕ್ಕೆ ಮತ್ತೆ ನೋಡಲಿಲ್ಲ. ಟೇಪು ಕಚ್ಚಿ ಹರಿಯುತ್ತ ಕೇಳಿದಳು:

"ಅಕ್ಕ, ಇದನ್ನ ಯಾರೂ ಮುಟ್ಟಿಲ್ಲ ತಾನೆ?"

"ಯಾರು ಮುಟ್ತಾರೆ? ನಿಂಗೆ ಹೆದರ್ಕೊಂಡು ಧೂಳು ಕೂಡ ದೂರ ಕೂತದೆ," ಎಂದೆ.

ಅವಳು ನಕ್ಕಳು. ನಾನೂ ನಕ್ಕೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ತಮಾಷೆ ಬಾಯಿಗೆ ಬಂತು, ಹೇಳಿಬಿಟ್ಟೆ. ನಮ್ಮ ಮನೆಯಲ್ಲಿ ಎಲ್ಲದಕ್ಕೂ ತಮಾಷೆಯೇ ಉತ್ತರ. ಅವತ್ತು ಅದು ನನಗೆ ತುಂಬ ಅನುಕೂಲವಾಯಿತು.

ಮರುದಿನ ಅವಳು ಮನೆಗೆ ಬಂದಾಗ ಮುಖ ಊದಿತ್ತು. ಡಬ್ಬವನ್ನು ಬಾಗಿಲ ಬಳಿ ಇಟ್ಟು ಕಾರ್ಪೆಟ್ಟಿನ ಮೇಲೆ ಕುಳಿತಳು. ಸೂರು ಅರ್ಧಕ್ಕೆ ನಿಂತಿತಂತೆ. ನೂಕಿದರೆ ಹಳಿಯೇ ಎದ್ದು ಹೊರಕ್ಕೆ ಹೋಯಿತಂತೆ. ಮೇಷ್ಟ್ರು ಹೇಳಿದ ಜಾಗದಲ್ಲೇ, ಮೇಷ್ಟ್ರು ಹೇಳಿದ ಹಾಗೆಯೇ. ಜಪಾನಿನ ಹಿರಿಯರು ಕನ್ನಡಕ ಹಣೆಗೇರಿಸಿ, ಬಗ್ಗಿ, ಬಹಳ ಹೊತ್ತು ನೋಡಿ, ಹೊರಕ್ಕೆ ದಬ್ಬಿದೆ ಎಂದಷ್ಟೇ ಹೇಳಿದರಂತೆ.

"ನೀನೇನಂದೆ?"

"ಹೌದು, ನನ್ನ ಲೆಕ್ಕ ತಪ್ಪು ಅಂದೆ. ಇನ್ನೇನ್ ಹೇಳ್ಲಿ?"

ಹೇಳಬೇಕಾದವಳು ಎದುರಿಗೇ ಕುಳಿತಿದ್ದೆ. "ಕಾಫಿ ಮಾಡ್ಲಾ?" ಎಂದೆ.

ಅಲ್ಲಿಂದ ಮುಂದಿನ ದಿನಗಳೇ ನನ್ನನ್ನು ಇವತ್ತಿಗೂ ಕಾಡುವುದು. ನಿಂಬೆಹಣ್ಣು ತಿಳಿಯದೆ ಆದದ್ದು. ಆಮೇಲಿನದು ತಿಳಿದೂ ತಿಳಿದೂ ಮಾಡಿದ್ದು. ಆ ಜಾಗ ಬೇರೆ ಹುಡುಗನಿಗೆ ಸಿಕ್ಕಿತು ಎಂಬ ಸುದ್ದಿ ಬಂತು. ಅವಳು ಕೋಣೆಯಲ್ಲಿ ಕುಳಿತು ಹಳೆಯ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತಿದ್ದಳು. ತಪ್ಪು ಸಿಗುತ್ತಿರಲಿಲ್ಲ. ಸಿಗದೇ ಇರುವುದೂ ತನ್ನ ದಡ್ಡತನವೇ ಎಂದುಕೊಳ್ಳುತ್ತಿದ್ದಳು. ನಾನು ಬಾಗಿಲ ಬಳಿ ನಿಂತು ಹೇಳಲೆಂದು ಬಾಯಿ ತೆಗೆದಾಗಲೆಲ್ಲ "ಇನ್ನೊಂದು ರೊಟ್ಟಿ ಹಾಕ್ಲಾ" ಎಂದೇ ಬರುತ್ತಿತ್ತು. ಅಕ್ಕಿರೊಟ್ಟಿ, ಒಬ್ಬಟ್ಟು, ಕಜ್ಜಾಯ, ಅವಳಿಗೆ ಇಷ್ಟವಾದದ್ದನ್ನೆಲ್ಲ ಸಾಲಾಗಿ ಮಾಡಿದೆ.

"ಏನೇ, ತಂಗಿಗೆ ಸೀಮಂತ ಮಾಡ್ತಿದಿಯಾ? ನಂಗೊಂದು ಮಾತು ಹೇಳಿಲ್ಲ?" ಎಂದರು ನಮ್ಮವರು.

ಒಂದು ಸಂಜೆ ಅವಳು ಹೊರಗೆ ಬಂದು, "ಭಾವ, ನಿಮ್ ಫ್ರೆಂಡು ಜಾವಾ ಕ್ಲಾಸ್ ತಗೋತಾರೆ ಅಂದ್ರಲ್ಲ, ನನ್ನ ಹೆಸರು ಬರೆಸಿ. ಆ ಕೋರ್ಸು ಬಿಡ್ತೀನಿ," ಎಂದಳು.

ನಮ್ಮವರಿಗೆ ಖುಷಿಯೋ ಖುಷಿ. "ಅಂತೂ ಸ್ಪೆಲಿಂಗ್ ಸರಿಹೋಯ್ತು!"

ನಾನು ಅವಳ ಕಡೆ ನೋಡಿದೆ. ಈಗ ಒಂದು ಕೊಡುತ್ತಾಳೆ ಎಂದು ಕಾದೆ. ಅವಳು, "ಹೂಂ ಭಾವ," ಎಂದು ಒಳಗೆ ಹೋದಳು. ನಮ್ಮವರೂ ಪೆಚ್ಚಾಗಿ, ತಟ್ಟೆಯಲ್ಲಿದ್ದ ಒಬ್ಬಟ್ಟಿನ ಕಡೆ ನೋಡುತ್ತ ಕುಳಿತರು.

ಶನಿವಾರ ಬೆಳಿಗ್ಗೆ ನಾನು ಪಾತ್ರೆ ತೊಳೆಯುತ್ತಿದ್ದೆ. ಕಿಟಕಿಯಿಂದ ನೋಡಿದರೆ, ರಿವ್ಯೂ ಆದ ಮೇಲೂ ಊಟದ ಮೇಜಿನ ಮೇಲೇ ಇದ್ದ ಮಾಡೆಲ್ಲನ್ನು ಅವಳು ಎರಡೂ ಕೈಯಲ್ಲಿ ಹಿಡಿದು, ಕಾರು ನಿಲ್ಲಿಸುವ ಜಾಗ ದಾಟಿ, ಅಪಾರ್ಟ್‌ಮೆಂಟಿನ ದೊಡ್ಡ ಕಸದ ತೊಟ್ಟಿಯ ಕಡೆ ಹೋಗುತ್ತಿದ್ದಳು. ಸೋಪಿನ ಕೈಯಲ್ಲೇ, ಮನೆಯೊಳಗಿನ ಚಪ್ಪಲಿಯಲ್ಲೇ ಓಡಿದೆ.

"ಅದನ್ನ ಕೆಳಗಿಡು."

"ಬಿಡಕ್ಕ, ಜಾಗ ಆಗ್ಲಿ. ಎಷ್ಟು ದಿನ ನೆಲದ ಮೇಲೆ ಕೂತು ಉಣ್ತೀರಾ?"

"ಅದು ತಾನಾಗಿ ಕೆಟ್ಟಿದ್ದಲ್ಲ. ಕೆಡಿಸಿದ್ದು ನಾನು."

"ಏನು?"

"ಹಬ್ಬದ ದಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟೆ."

"ಕಾರಿಗಾ?"

"ಇದಕ್ಕೆ. ಇಟ್ಟು ನೂಕಿದೆ. ಹಳಿ ಬಿಟ್ಕೊಂತು. ಒತ್ತಿ ಹಂಗೇ ನಿಲ್ಲಿಸ್ದೆ."

ಅವಳು ಮಾಡೆಲ್ಲನ್ನು ಹುಲ್ಲಿನ ಮೇಲಿಟ್ಟು, ಫುಟ್‌ಪಾತಿನ ಅಂಚಿನಲ್ಲಿ ಕುಸಿದು ಕುಳಿತಳು. ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. "ನಿಂಬೆಹಣ್ಣು! ಸ್ಟೇಡಿಯಂಗೆ ನಿಂಬೆಹಣ್ಣು!" ಕಸ ಹಾಕಲು ಬಂದ ಪಕ್ಕದ ಮನೆಯ ಚೀನೀ ಅಜ್ಜಿ ಏನೂ ತಿಳಿಯದೆ ತಾನೂ ನಕ್ಕು ಹೋದಳು. ನನಗೆ ಜೀವ ಬಂದ ಹಾಗಾಯಿತು. ಮುಗಿಯಿತು ಎಂದುಕೊಂಡೆ.

ನಗು ನಿಂತ ಮೇಲೆ ಅವಳು ನೆಲ ನೋಡುತ್ತ ಕೇಳಿದಳು. "ಅಂದ್ರೆ ನಾನು ಅವತ್ತು ಅತ್ಕೊಂಡು ಬಂದಾಗ ನಿಂಗೆ ಗೊತ್ತಿತ್ತು."

"ಹೂಂ."

"ಕೋಣೇಲಿ ಕೂತು ಲೆಕ್ಕ ಮಾಡ್ತಿದ್ದಾಗ?"

"ಹೂಂ."

"ಯಾರೂ ಮುಟ್ಟಿಲ್ಲ ತಾನೆ ಅಂತ ಕೇಳಿದ್ದೆ."

ಸೋಪಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡೆ. ಅವಳು ಎದ್ದಳು. ಓದಿಗೆ ಬೆಂಗಳೂರು ಸೇರಿದ ಮೇಲೆ ಅವಳ ಮಾತು ಅಲ್ಲಿಯದೇ ಆಗಿತ್ತು; ಆ ಹೊತ್ತಿಗೆ ಊರಿನದು ಬಂತು.

"ನಿಂಬೆಹಣ್ಗಲ್ಲ ಕನಕ್ಕ ನಂಗೆ ಕ್ವಾಪ. ನೀನು ನಗ್ನಗ್ತಾ ಯೋಳ್ದೆ ನೋಡು, ಅದಕ್ಕೆ."

ಮಾಡೆಲ್ಲನ್ನು ಎತ್ತಿಕೊಂಡು ಒಳಗೆ ಹೋದಳು. ಅವತ್ತೇ ಅದನ್ನು ಬೋರಲು ಹಾಕಿ, ಹಳಿ ಕಿತ್ತು, ಹೊಸ ಹಳಿ ಅಂಟಿಸಿದಳು. ಒಣಗಿದ ಮೇಲೆ ಸೂರಿನ ಮೇಲೆ ಒಂದೊಂದೇ ನಾಣ್ಯ ಪೇರಿಸುತ್ತ ಓಡಿಸಿದಳು. ಅದು ಹೋಯಿತು, ಬಂತು. ಹಳಿ ಅಲ್ಲಾಡಲಿಲ್ಲ. ಅವಳ ಮುಖ ಅರಳಿದ್ದನ್ನು ಅಡುಗೆಮನೆಯಿಂದಲೇ ನೋಡಿದೆ, ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ನನ್ನ ಜೊತೆ ಮಾತು ನಿಂತಿತ್ತು. "ಭಾವ, ಉಪ್ಪು ಕಮ್ಮಿ ಅಂತ ಹೇಳಿ," ಎನ್ನುತ್ತಿದ್ದಳು. "ಉಪ್ಪು ಕಮ್ಮಿಯಂತೆ," ಎಂದು ನಮ್ಮವರು ಪಕ್ಕದಲ್ಲೇ ಕುಳಿತ ನನಗೆ ತಲುಪಿಸುತ್ತಿದ್ದರು. ಅವರಿಗೆ ಆ ಕೆಲಸ ಹಿಡಿಸಿಬಿಟ್ಟಿತ್ತು. "ನಮ್ ಕಂಪ್ನಿ ವೆಬ್‌ಸೈಟಿಗಿಂತ ಇದರಲ್ಲಿ ಟ್ರಾಫಿಕ್ ಜಾಸ್ತಿ," ಎಂದು ಹೇಳಿಕೊಂಡು ಓಡಾಡಿದರು.

ಹೀಗೇ ಇರುವಾಗ ಒಂದು ಬೆಳಿಗ್ಗೆ, "ಸೀರೆ ಉಟ್ಕೋ. ಮೇಷ್ಟ್ರ ಹತ್ರ ಹೋಗೋಣ. ನಾನು ಹೇಳಿದ್ರೆ ನೆಪ ಹೇಳ್ದಂಗಾಗುತ್ತೆ, ನೀನೇ ಹೇಳು," ಎಂದಳು. ರೈಲಿನಲ್ಲಿ ಡಬ್ಬ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಇಂಗ್ಲಿಷು ಜೋಡಿಸಿಕೊಂಡೆ. ರೈಲು ರೆಡ್‌ವುಡ್ ಸಿಟಿ ಸ್ಟೇಷನ್ ದಾಟುವಾಗ ಪೂರ್ತಿ ಬರುತ್ತಿತ್ತು, ಅವರ ಕೋಣೆಯ ಬಾಗಿಲು ದಾಟುವಾಗ ಮುಕ್ಕಾಲು ಮರೆತಿತ್ತು.

"ಸರ್, ಐ ಪುಟ್ ಲೆಮನ್. ವೀಲ್ ಕೆಳಗೆ. ಫಾರ್ ಗಾಡ್. ರೂಫ್ ಈಸ್ ಗುಡ್. ಐ ಆಮ್ ನಾಟ್ ಗುಡ್."

ಮೇಷ್ಟ್ರು ನನ್ನ ಕೈಚೀಲದ ಕಡೆ ನೋಡಿದರು, ಲೆಮನ್ನು ಅದರಲ್ಲಿದೆಯೇನೋ ಎಂದು. ತಂಗಿ ಮೊದಲಿನಿಂದ ಬಿಡಿಸಿ ಹೇಳಿದಳು. ಅವರು ನಗಲಿಲ್ಲ. ಮಾಡೆಲ್ಲನ್ನು ಎಳೆದುಕೊಂಡು, ಮೇಜಿನ ಮೇಲಿದ್ದ ಕಾಗದ ಒತ್ತುವ ಕಲ್ಲನ್ನು ಸೂರಿನ ಮೇಲಿಟ್ಟು, ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು. ಬಹಳ ಹೊತ್ತು ಹಾಗೇ ಮಾಡುತ್ತಿದ್ದರು. ಕೊನೆಗೆ ಅವಳಿಗೆ, ನಿನ್ನ ಲೆಕ್ಕವೇ ಸರಿ, ನನ್ನದಲ್ಲ ಎಂದರು. ಇಷ್ಟು ಇಂಗ್ಲಿಷು ನನಗೂ ತಿಳಿಯಿತು. ಜಪಾನಿನವರಿಗೆ ತಾವೇ ಫೋನು ಮಾಡಿ ನಡೆದದ್ದನ್ನು ಹೇಳಿದರು. ಅವರು ತುಂಬ ಮರ್ಯಾದೆಯಿಂದ, ಆ ಜಾಗ ತುಂಬಿಹೋಗಿದೆ ಎಂದರಂತೆ.

ಅವಳು ಜಾವಾ ಕ್ಲಾಸಿಗೆ ಹೋಗಲಿಲ್ಲ. ಕೋರ್ಸು ಮುಗಿಸಿದಳು. ಅಷ್ಟು ಹೊತ್ತಿಗೆ ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಮುಚ್ಚಿ, ನಮ್ಮವರೂ ಮನೆಯಲ್ಲಿ ಕುಳಿತಿದ್ದರು. ಅವಳಿಗೆ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅವಳು ಬರೆದ ಮೊದಲ ಕಟ್ಟಡ ಮಹಡಿ ಮಹಡಿಯಾಗಿ ಕಾರು ನಿಲ್ಲಿಸುವಂಥದ್ದು. ಅದರ ನಕ್ಷೆ ನೋಡಿ ನಮ್ಮವರು, "ಎಲ್ಲ ಸರಿ, ಸೂರೆಲ್ಲಿ?" ಎಂದರು. "ನಿಮ್ಮ ಕೆಲಸ ಹೋದ ಕಡೇನೇ ಅದೂ ಹೋಯ್ತು ಭಾವ," ಎಂದಳು. ಅವಳ ಬಾಯಿ ವಾಪಸು ಬಂದಿತ್ತು. ಜಪಾನಿಗೆ ಹೋಗಿ ಆ ಸ್ಟೇಡಿಯಂಗಳನ್ನು ನೋಡಿದ್ದು ಎಷ್ಟೋ ವರ್ಷದ ಮೇಲೆ, ಎಲ್ಲರಂತೆ ಟಿಕೆಟ್ ತೆಗೆದುಕೊಂಡು. ಅಷ್ಟರಲ್ಲಿ ಎಲ್ಲ ಕಟ್ಟಿ ಮುಗಿದಿತ್ತು. ಹೇಗಿತ್ತು ಎಂದು ಕೇಳಿದೆ. "ಚೆನ್ನಾಗಿತ್ತು ಅಕ್ಕ," ಎಂದಳು. ಸೂರಿನ ಬಗ್ಗೆ ಅವಳು ಅಷ್ಟು ಚಿಕ್ಕ ಮಾತು ಆಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಈಗಲೂ ಎಲ್ಲಾದರೂ ನಾಲ್ಕು ಜನ ಸೇರಿದರೆ ಅವಳು ಆ ಕಥೆ ಹೇಳುತ್ತಾಳೆ. ನಮ್ಮಕ್ಕ ಜಪಾನಿನ ಸ್ಟೇಡಿಯಂಗೆ ಆಯುಧಪೂಜೆ ಮಾಡಿದವಳು ಎಂದು ಶುರು ಮಾಡಿ, ನನ್ನ ಇಂಗ್ಲಿಷನ್ನು ನನ್ನ ದನಿಯಲ್ಲೇ ಆಡಿ ತೋರಿಸುತ್ತಾಳೆ. ಅವಳ ಕಥೆಯಲ್ಲಿ ನಾನು ನಿಂಬೆಹಣ್ಣು ಇಟ್ಟ ದಿನದ ಸಂಜೆಯೇ ಎಲ್ಲವನ್ನೂ ಹೇಳಿಬಿಡುತ್ತೇನೆ. ಅವಳು ಅತ್ತು ಬಂದದ್ದಿಲ್ಲ, ನಾನು ಕಾಫಿ ಮಾಡ್ಲಾ ಎಂದದ್ದಿಲ್ಲ, ಕೋಣೆಯ ಬಾಗಿಲಲ್ಲಿ ನಿಂತು ವಾಪಸು ಬಂದ ದಿನಗಳು ಇಲ್ಲವೇ ಇಲ್ಲ. ಅಷ್ಟನ್ನೂ ಅವಳೇ ತೆಗೆದುಹಾಕಿದ್ದಾಳೆ, ನನ್ನನ್ನು ಒಂದು ಮಾತು ಕೇಳದೆ. ನಾನೂ ಒಂದು ಸಲವೂ ತಿದ್ದಿಲ್ಲ. ಇಲ್ಲಿ ಬರೆದಿರುವುದು ಆ ಭಾಗಕ್ಕಾಗಿ.

ಕೇಳಿದವರೆಲ್ಲ ನಗುತ್ತಾರೆ. ನಾನೂ ನಗುತ್ತೇನೆ. ಅವಳು ಮಾತ್ರ ಆ ಹೊತ್ತಿಗೆ ನನ್ನ ಕಡೆ ನೋಡುವುದಿಲ್ಲ.